ಎತ್ತರದ ಬೆಟ್ಟದಲ್ಲಿ ಇಲಿ ಹಿಡಿಯಲು ನಮ್ಮ ತಂತಿ ಬೋನು ಸಾಕಾ?

ನೀವು ಗದಗಿನವರು, ಸಂಶೋಧನಾ ತಂಡದ ಜೊತೆ ಹಿಮಾಚಲದ ಸ್ಪಿತಿಗೆ ಹೊರಟಿದ್ದೀರಿ. ಕಾಡಿಲಿ ಹಿಡಿಯಲು ನಮ್ಮ ಕಡೆಯ ತಂತಿ ಬೋನು ಒಯ್ಯಬಹುದಾ ಅಂತ ಕೇಳಿದ್ದೀರಿ. ನಾನು ಧಾರವಾಡದವನು, ಇದೇ ಕೆಲಸ ಮಾಡಿದವನು. ದಯವಿಟ್ಟು ಒಯ್ಯಬೇಡಿ.

ಹುಬ್ಬಳ್ಳಿ ಪೇಟೆಯಲ್ಲಿ ಸಿಗುವ ತಂತಿ ಬೋನು ಮನೆ ಇಲಿಗೆ ಸರಿ. 4,000 ಮೀಟರ್ ಎತ್ತರದಲ್ಲಿ ಅದರೊಳಗೆ ಗಾಳಿ ಸೀದಾ ನುಗ್ಗುತ್ತದೆ. ಒಳಗೆ ಸಿಕ್ಕಿರುವುದು ಅಂಗೈಯಲ್ಲಿ ಹಿಡಿಸುವ ವೋಲ್ ಅನ್ನುವ ಪುಟ್ಟ ಕಾಡಿಲಿ. ಜೀವ ಸಣ್ಣದಾದಷ್ಟೂ ಮೈ ಬೇಗ ತಣ್ಣಗಾಗುತ್ತದೆ. ಅಲ್ಲಿ ಹಿಡಿಯುವುದು ಕಷ್ಟವಲ್ಲ, ಬೆಳಗಿನ ತನಕ ಬದುಕಿಸುವುದು ಕಷ್ಟ.

ಮಡಚುವ ಅಲ್ಯೂಮಿನಿಯಂ ಪೆಟ್ಟಿಗೆ ಬರುತ್ತದೆ, ಶರ್ಮನ್ ಬೋನು ಅಂತ. ಗಾಳಿ ತಡೆಯುತ್ತದೆ, ಆದರೆ ಲೋಹ ಅಲ್ವಾ, ರಾತ್ರಿ ಐಸ್ ಆಗುತ್ತದೆ. ಒಳಗೆ ಹಾಸಿಗೆ ಬೇಕೇ ಬೇಕು. ಹತ್ತಿ ಬೆಳೆಯುವ ಊರಿನವರು ನಾವು, ಕೈ ಹತ್ತಿಗೇ ಹೋಗುತ್ತದೆ. ಉಸಿರು, ಉಚ್ಚೆಗೆ ತೊಯ್ದ ಹತ್ತಿ ಬೆಚ್ಚಗಿಡುವುದಿಲ್ಲ. ಹಿಂಜಿದ ಕುರಿ ಉಣ್ಣೆ ಅಥವಾ ದಿಂಬಿಗೆ ತುಂಬುವ ಪಾಲಿಯೆಸ್ಟರ್ ಹಾಕಿ. ಬಾಗಿಲ ಹತ್ತಿರ ಬೇಡ, ಹಿಂಬದಿಗೆ ಒತ್ತಿಡಿ. ಇಲ್ಲದಿದ್ದರೆ ಒಳಗಿನ ತುಳಿಹಲಗೆ, ಅಂದರೆ ಇಲಿ ತುಳಿದಾಗ ಬಾಗಿಲು ಬೀಳಿಸುವ ಹಲಗೆ, ಸಿಕ್ಕಿಕೊಂಡು ಬಾಗಿಲು ಬೀಳುವುದಿಲ್ಲ.

ತಿನ್ನಲು ಹುರಿದ ಶೇಂಗಾ ಕುಟ್ಟಿ, ಓಟ್ಸ್ ಸೇರಿಸಿ ಉಂಡೆ ಮಾಡಿ. ಉಪ್ಪು, ಖಾರ ಏನೂ ಬೇಡ. ರಾತ್ರಿಯಿಡೀ ಸಾಲುವಷ್ಟು ಜಾಸ್ತಿಯೇ ಇಡಿ. ನೀರಿನ ಬದಲು ಒಂದು ತುಂಡು ಸೇಬು.

ಬೋನನ್ನು ಬಂಡೆಯ ಸಂದಿನಲ್ಲಿ, ಇಲಿ ಓಡಾಡಿದ ಜಾಡಿನ ಪಕ್ಕ ಇಟ್ಟು ಮೇಲೆ ಚಪ್ಪಡಿ ಕಲ್ಲು ಮುಚ್ಚಿ. ಪ್ರತಿ ಬೋನಿಗೂ ನಂಬರ್ ಬರೆದು, ಹತ್ತಿರ ಬಣ್ಣದ ಬಟ್ಟೆ ಕಟ್ಟಿ. ಅಲ್ಲಿ ಎಲ್ಲಾ ಕಲ್ಲೂ ಒಂದೇ ಥರ ಕಾಣುತ್ತವೆ. ಎಣಿಸದೆ ವಾಪಸ್ ಬಂದರೆ, ಮರೆತ ಬೋನಿನಲ್ಲಿ ಒಂದು ಜೀವ ಹೋಗುತ್ತದೆ. ಇದೊಂದನ್ನು ನಾನು ಯಾರಿಗೂ ಮಾಫಿ ಮಾಡುವುದಿಲ್ಲ.

ಬೆಳಕು ಹರಿಯುತ್ತಲೇ ನೋಡಿ. ತೂಕ, ಅಳತೆ ಬೇಗ ಮುಗಿಸಿ, ಹಿಡಿದ ಜಾಗದಲ್ಲೇ ಬಿಡಿ. ಬಿಸಿಲೇರಿದರೆ ಅದೇ ಪೆಟ್ಟಿಗೆ ಕಾದು ಹೋಗುತ್ತದೆ, ಹಗಲು ಬೋನಿನ ಬಾಗಿಲು ಮುಚ್ಚಿಡಿ. ಹಗಲಲ್ಲಿ ಓಡಾಡುವ ಪೈಕಾ ಸಿಕ್ಕಿದರೆ ತಕ್ಷಣ ಬಿಟ್ಟುಬಿಡಿ. ಅದು ಇಲಿಯಲ್ಲ, ಮೊಲದ ಬಳಗ. ಸೆಕೆ ತಾಳುವುದಿಲ್ಲ.

ಗ್ಲೌಸ್, ಮಾಸ್ಕ್ ಬಿಡಬೇಡಿ. ಇಲಿ ಮೈಮೇಲಿನ ಚಿಗಟದಿಂದ ಪ್ಲೇಗ್ ಬರಬಹುದು. ಹಿಮಾಚಲದಲ್ಲೇ 2002ರಲ್ಲಿ ಪ್ಲೇಗ್ ಕಾಣಿಸಿಕೊಂಡಿತ್ತು.

ಇನ್ನು ಅನುಮತಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಇಲಿಗಳು ಉಪದ್ರವಿ ಪ್ರಾಣಿಗಳ ಪಟ್ಟಿಯಲ್ಲಿದ್ದವು. 2022ರ ತಿದ್ದುಪಡಿ ಆ ಪಟ್ಟಿಯನ್ನೇ ತೆಗೆದಿದೆ. 'ಇಲಿ ತಾನೇ' ಅಂತ ಸುಮ್ನೆ ಹೊರಡಬೇಡಿ. ಹಿಮಾಚಲ ಅರಣ್ಯ ಇಲಾಖೆಯ ಲಿಖಿತ ಅನುಮತಿ ನಿಮ್ಮ ತಂಡದ ಹತ್ತಿರ ಇದೆಯಾ ಅಂತ ಈಗಲೇ ಕೇಳಿ.