ಇಟಲಿಯ ಫುಟ್‌ಬಾಲ್ ಆಟಗಾರ ಪಾವ್ಲೊ ಮಾಲ್ದಿನಿ ಅಪ್ಪನ ಹೆಸರಿನಿಂದಲೇ ಮೇಲೆ ಬಂದರಾ?

ಅಪ್ಪ ಚೆಸಾರೆ ಇಟಲಿಯ ಎಸಿ ಮಿಲಾನ್ ಕ್ಲಬ್‌ನ ನಾಯಕರಾಗಿದ್ದವರು, ನಿಜ. ಆದರೆ ಸುಮ್ನೆ ಅಪ್ಪನ ಹೆಸರು ಹೇಳಿಕೊಂಡು ಒಂದೇ ಕ್ಲಬ್‌ಗೆ 25 ಸೀಸನ್, 902 ಪಂದ್ಯ ಆಡಲು ಆಗುತ್ತದಾ? 1985ರ ಜನವರಿಯಲ್ಲಿ ಉಡಿನೇಸೆ ತಂಡದ ವಿರುದ್ಧ ಮೊದಲ ಸಲ ಮೈದಾನಕ್ಕಿಳಿದಾಗ ಪಾವ್ಲೊಗೆ ಬರೀ 16 ವರ್ಷ. ಬಲಗಾಲಿನ ಹುಡುಗ, ಹೆಸರು ಮಾಡಿದ್ದು ಎಡಗಡೆಯ ಡಿಫೆಂಡರ್ ಆಗಿ. ಯುರೋಪಿನ ಕ್ಲಬ್‌ಗಳ ದೊಡ್ಡ ಕಪ್ಪನ್ನು (ಈಗಿನ ಚಾಂಪಿಯನ್ಸ್ ಲೀಗ್) ಐದು ಸಲ ಗೆದ್ದರು.

ನನಗೆ ಜಾಸ್ತಿ ಇಷ್ಟ 2003ರದ್ದು. 1963ರಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಅಪ್ಪ ನಾಯಕನಾಗಿ ಎತ್ತಿದ ಕಪ್ಪನ್ನು, 40 ವರ್ಷದ ಮೇಲೆ ಅದೇ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಮಗ ನಾಯಕನಾಗಿ ಎತ್ತಿದರು. ಮೈ ಜುಮ್ಮೆನ್ನುತ್ತದೆ, ಅಲ್ವಾ?

ಇಟಲಿ ಪರ 126 ಪಂದ್ಯ ಆಡಿದರೂ ಕಪ್ ಸಿಗಲಿಲ್ಲ. 1994ರ ವಿಶ್ವಕಪ್ ಪೆನಾಲ್ಟಿಯಲ್ಲಿ ಕೈತಪ್ಪಿತು. ಪಾವ್ಲೊ ಮಗ ಡ್ಯಾನಿಯೆಲ್ ಕೂಡ ಮಿಲಾನ್‌ಗೆ ಆಡಿದ್ದಾನೆ. ಆದರೆ ಪಾವ್ಲೊ ತೊಡುತ್ತಿದ್ದ 3ನೇ ನಂಬರ್ ಜೆರ್ಸಿ ತೊಡಲಿಲ್ಲ, 27 ತೊಟ್ಟ.