"ಏನು ವಿಶೇಷ?" ಅಂತ ಕೇಳಬೇಡಿ

ಜೀವದ ಗೆಳತಿ ದೂರದ ದೇಶಕ್ಕೆ ಹೋಗಿದ್ದಾಳೆ, ಫೋನ್ ಮಾಡಿದರೆ "ಹೇಗಿದ್ದೀಯಾ, ಊಟ ಆಯ್ತಾ" ಆದಮೇಲೆ ಮಾತೇ ಹೊರಡುವುದಿಲ್ಲ, ಏನು ಮಾಡಲಿ ಅಂತ ಕೇಳಿದ್ದೀರಿ. ನಮಗೂ ಹೀಗೇ ಆಗಿತ್ತು.

ನಾನಿರುವುದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ. ಕುಮಟಾದಲ್ಲಿ ಒಂದೇ ಬೆಂಚಿನಲ್ಲಿ ಕೂತು ಓದಿದವಳು ಈಗ ನ್ಯೂಜೆರ್ಸಿಯಲ್ಲಿ. ನಮ್ಮ ಮಾತು ನಿಲ್ಲುತ್ತಿದ್ದದ್ದು "ಮತ್ತೆ, ಏನು ವಿಶೇಷ?" ಅನ್ನುವಲ್ಲಿ. ದಿನಾ ಅದೇ ಲೋಕಲ್ ಟ್ರೇನು, ಆಫೀಸು, ಅಡುಗೆ. ವಿಶೇಷ ಎಲ್ಲಿಂದ ಬರಬೇಕು? "ಏನಿಲ್ಲ, ನಿಂದು?" ಅಂದರೆ ಅವಳೂ "ಏನಿಲ್ಲ" ಅನ್ನುತ್ತಿದ್ದಳು. ಅಲ್ಲಿಗೆ ಮುಗೀತು.

ಈಗ ಆ ಪ್ರಶ್ನೆ ಬಿಟ್ಟಿದ್ದೇವೆ. ಶನಿವಾರ ರಾತ್ರಿ 9.30ಕ್ಕೆ ಫೋನು, ಅವಳಿಗೆ ಆಗ ಮಧ್ಯಾಹ್ನ 12. ನವೆಂಬರ್‌ನಲ್ಲಿ ಅಲ್ಲಿಯ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ, ಆಗ ಬೆಳಿಗ್ಗೆ 11. ಇದನ್ನು ನೆನಪಿಡಿ, ಇಲ್ಲದಿದ್ದರೆ ಒಬ್ಬರು ಕಾಯುತ್ತಾ ಕೂರುತ್ತಾರೆ. ಉಳಿದ ದಿನ ಸ್ಟೇಷನ್ನಿಂದ ಮನೆಗೆ ನಡೆಯುವಾಗ ವಾಯ್ಸ್ ಮೆಸೇಜ್ ಕಳಿಸುತ್ತೇನೆ. ರಿಕ್ಷಾ ಹಾರ್ನ್ ಕೇಳಿಸಿದರೂ ಪರವಾಗಿಲ್ಲ, ಅವಳಿಗೆ ಅದೂ ಬೇಕಂತೆ.

ಕಳೆದ ಮಳೆಗಾಲದ ಒಂದು ಶನಿವಾರ ಮಾರ್ಕೆಟ್‌ನಲ್ಲಿ ಕೆಸುವಿನ ಎಲೆ ಸಿಕ್ಕಿತು. ಇಲ್ಲಿ ಅಳೂ ಅಂತಾರೆ. ಹಸಿರು ದಂಟಿನದರಿಂದ ಇಲ್ಲಿಯವರು ತೆಳ್ಳಗೆ ಭಾಜಿ ಮಾಡುತ್ತಾರೆ. ನಾನು ಕಪ್ಪು ದಂಟಿನದನ್ನೇ ಆರಿಸಿ ತಂದೆ. ರಾತ್ರಿ ಫೋನನ್ನು ಸಾಸಿವೆ ಡಬ್ಬಿಗೆ ಒರಗಿಸಿ ಪತ್ರೊಡೆಗೆ ಕೂತೆ. ಎಲೆಯ ಬೆನ್ನಿಗೆ ಹಿಟ್ಟು ಸವರುವುದು, ಅದರ ಮೇಲೆ ಇನ್ನೊಂದು ಎಲೆ, ಮತ್ತೆ ಹಿಟ್ಟು. ಅವಳು ಅಲ್ಲಿಂದಲೇ ಶುರು: "ಹುಳಿ ಕಡಿಮೆ ಮಾಡಬೇಡ ಮಾರಾಯ್ತಿ, ಗಂಟಲು ತುರಿಸ್ತದೆ." ಅವಳಮ್ಮ ಮಾಡುತ್ತಿದ್ದದ್ದು, ಬಿಸಿಬಿಸಿ ಸುರುಳಿ ಕದ್ದು ತಿಂದದ್ದು, ಎಲ್ಲ ಬಂತು. ನಾನು ಮೂರನೇ ಸುರುಳಿ ಸುತ್ತುವಾಗ ಸುಮ್ಮನಾದಳು. ಆಮೇಲೆ ಹೇಳಿದಳು, ಕೆಲಸ ಹೋಗಿ ಎರಡು ತಿಂಗಳಾಯ್ತಂತೆ.

ಆ ಎರಡು ತಿಂಗಳಲ್ಲಿ ನಾನೇ ಎಷ್ಟು ಸಲ "ಏನು ವಿಶೇಷ" ಅಂತ ಕೇಳಿದ್ದೆ! ಪ್ರತಿ ಸಲವೂ "ಏನಿಲ್ಲ" ಅಂದಿದ್ದಳು. ಅವತ್ತು ರಾತ್ರಿ ಹನ್ನೆರಡರ ತನಕ ಮಾತಾಡಿದೆವು.

ನೀವೂ ಇವತ್ತು ಫೋನ್ ಮಾಡಿ. ಬೆಳಿಗ್ಗೆ ಏನು ತಿಂಡಿ ಮಾಡಿದ್ರಿ, ಸರಿಯಾಯ್ತಾ, ಕೆಟ್ಟಿತಾ, ಅಲ್ಲಿಂದಲೇ ಶುರು ಮಾಡಿ.