ಗಸ್ಸಿ ಬಂತು, ದೋಸೆ ಎಲ್ಲಿ?

ಹೋಟೆಲುಗಳಲ್ಲಿ ಕ್ಯಾಪ್ಟನ್ (ಸಪ್ಲೈಯರ್‌ಗಳ ಮೇಲ್ವಿಚಾರಕ) ಆಗಿ, ಆಮೇಲೆ ಮ್ಯಾನೇಜರ್ ಆಗಿ ದುಡಿದು ಈಗ ಹೋಟೆಲ್ ಸಿಬ್ಬಂದಿಗೆ ತರಬೇತಿ ಕೊಡುತ್ತಿರುವ ತಜ್ಞರು ಈ ಬಾರಿ ಓದುಗರ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.

ಪ್ರಶ್ನೆ: ನಮ್ಮ ಮನೆ ಹತ್ತಿರ ಕರಾವಳಿ ಊಟದ ಒಂದು ರೆಸ್ಟೋರೆಂಟ್ ಇದೆ. ಬುಧವಾರ ಮಧ್ಯಾಹ್ನ ನಾನೂ ನಮ್ಮ ಯಜಮಾನರೂ ಹೋಗಿದ್ದೆವು. ಸಪ್ಲೈಯರ್ ತಾನಾಗಿಯೇ ‘ಮೇಡಂ, ಇವತ್ತು ಅಂಜಲ್ ಬೇಡ, ಬಂಗುಡೆ ತಗೊಳ್ಳಿ, ಚೆನ್ನಾಗಿದೆ’ ಎಂದರು. ಆ ರುಚಿ ಈಗಲೂ ನಾಲಿಗೆಯ ಮೇಲಿದೆ. ಅದೇ ಖುಷಿಯಲ್ಲಿ ಭಾನುವಾರ ರಾತ್ರಿ ಅತ್ತೆ, ಮಾವ, ನಾದಿನಿ ಮನೆಯವರು, ಮಕ್ಕಳೆಲ್ಲ ಸೇರಿ ಎಂಟು ಜನ ಹೋದೆವು. ನೀರು ಇಡೋದಕ್ಕೇ ಕಾಲು ಗಂಟೆ. ಕೋಳಿ ಗಸ್ಸಿ (ಸಾರು) ಮೊದಲು ಬಂತು, ಅದು ಆರಿದ ಮೇಲೆ ನೀರು ದೋಸೆ ಎರಡೆರಡಾಗಿ ಬಂತು. ಮಕ್ಕಳ ತಟ್ಟೆ ಎಲ್ಲರಿಗಿಂತ ಕೊನೆಗೆ. ಬಿಲ್ ಮೂರು ಸಲ ಕೇಳಬೇಕಾಯಿತು. ಆದರೂ ಅಡುಗೆಯನ್ನು ದೂರುವಂತಿರಲಿಲ್ಲ. ಮಾವ ಮಾತ್ರ ‘ಇನ್ನು ಅಲ್ಲಿಗೆ ಬೇಡ’ ಅಂತಿದ್ದಾರೆ. ಏನು ಮಾಡಲಿ?
*— ರಾಜಾಜಿನಗರದ ಓದುಗರು*

ಉತ್ತರ: ಬುಧವಾರ ಮಧ್ಯಾಹ್ನದ ಹೋಟೆಲ್ ಬೇರೆ, ಭಾನುವಾರ ರಾತ್ರಿಯದು ಬೇರೆ. ಬೋರ್ಡು ಒಂದೇ ಅಷ್ಟೆ. ಮಸಾಲೆ ರುಬ್ಬಿ ಗಸ್ಸಿ ಕುದಿಸುವವರು ಎರಡೂ ದಿನ ಅವರೇ ಆಗಿದ್ದರಿಂದ ರುಚಿಯಲ್ಲಿ ವ್ಯತ್ಯಾಸವಾಗಲಿಲ್ಲ. ಹಾಲ್‌ನಲ್ಲಿ ಹಾಗಿರುವುದಿಲ್ಲ. ಅಲ್ಲಿ ಒಬ್ಬ ರಜೆ ಹಾಕಿದರೆ ಅವನ ಟೇಬಲ್‌ಗಳೆಲ್ಲ ಪಕ್ಕದವನ ತಲೆಗೆ ಬೀಳುತ್ತವೆ. ಬುಧವಾರ ಬಂಗುಡೆ ತಿನ್ನಿ ಎಂದ ಸಪ್ಲೈಯರೇ ಭಾನುವಾರವೂ ಇದ್ದಿರಬಹುದು. ನಿಮ್ಮ ಮುಖ ನೋಡುವುದಕ್ಕೂ ಅವರಿಗೆ ಪುರುಸೊತ್ತು ಇದ್ದಿರಲಾರದು.

ಈಗ ನೀರಿನ ವಿಷಯ. ಎಂಟು ಜನ ಎಂದರೆ ನಿಮಗೆ ಎರಡು ಟೇಬಲ್ ಜೋಡಿಸಿ ಕೊಟ್ಟಿರುತ್ತಾರೆ. ಹಾಲ್‌ನಲ್ಲಿ ಇಷ್ಟು ಟೇಬಲ್ ಇವನಿಗೆ, ಇಷ್ಟು ಅವನಿಗೆ ಎಂದು ಹಂಚಿಕೆ ಇರುತ್ತದೆ. ಜೋಡಿಸಿದ ಎರಡರಲ್ಲಿ ಒಂದು ಇವನದು, ಇನ್ನೊಂದು ಅವನದು ಆಗಿಬಿಟ್ಟರೆ ‘ಅವನು ನೋಡಿಕೊಳ್ತಾನೆ’ ಎಂದು ಇಬ್ಬರೂ ಸುಮ್ಮನಿರುತ್ತಾರೆ. ಇದನ್ನು ಎಷ್ಟೋ ಹೋಟೆಲುಗಳಲ್ಲಿ ಕಂಡಿದ್ದೇನೆ. ಎರಡು ಜನ ಕೂತ ಸಣ್ಣ ಟೇಬಲ್‌ಗೆ ತಕ್ಷಣ ನೀರು ಬರುತ್ತದೆ, ಎಂಟು ಜನರ ದೊಡ್ಡ ಗುಂಪು ಬಾಯಾರಿ ಕೂತಿರುತ್ತದೆ. ಕೂತ ಕೂಡಲೇ ‘ಈ ಟೇಬಲ್ ಯಾರು ನೋಡ್ಕೋತಿದ್ದೀರಿ?’ ಎಂದು ಕೇಳಿಬಿಡಿ. ಯಾರೋ ಒಬ್ಬರು ‘ನಾನೇ’ ಅನ್ನಲೇಬೇಕಾಗುತ್ತದೆ. ಅಲ್ಲಿಂದ ಮುಂದೆ ಅವರ ಹೆಸರು ಹಿಡಿದೇ ಕರೆಯಿರಿ.

ಗಸ್ಸಿ ಮೊದಲು, ದೋಸೆ ಆಮೇಲೆ ಯಾಕೆ ಬಂತು ಎನ್ನುವುದಕ್ಕೆ ಅಡುಗೆಮನೆಯೊಳಗೆ ಇಣುಕಬೇಕು. ನಿಮ್ಮ ಆರ್ಡರ್ ಚೀಟಿ, ನಾವು ಕೆಓಟಿ ಅನ್ನುವುದು, ಒಂದೇ ಏಟಿಗೆ ಎಲ್ಲ ಸೆಕ್ಷನ್‌ಗಳಿಗೂ ಹೋಗುತ್ತದೆ. ಗಸ್ಸಿ ಪಾತ್ರೆಯಲ್ಲಿ ಸಿದ್ಧವಿರುತ್ತದೆ, ಬಿಸಿ ಮಾಡಿ ಬಡಿಸಿದರೆ ಮುಗಿಯಿತು. ನೀರು ದೋಸೆ ಹಾಗಲ್ಲ. ಹಿಟ್ಟು ನೀರಿನಷ್ಟು ತೆಳು. ಒಂದೊಂದನ್ನೇ ಕಾವಲಿಗೆ ಹೊಯ್ದು, ಮುಚ್ಚಿ, ಬೆಂದ ಮೇಲೆ ಮಡಚಿ ತೆಗೆಯಬೇಕು. ಬಿಸಿಯಿರುವಾಗಲೇ ಒಂದರ ಮೇಲೊಂದು ಪೇರಿಸಿದರೆ ಅಂಟಿಕೊಳ್ಳುತ್ತದೆ, ಮುಂಚಿತವಾಗಿ ಮಾಡಿಟ್ಟರೆ ಒಣಗುತ್ತದೆ. ಎಂಟು ಜನರಿಗೆ ತಲಾ ಮೂರೆಂದರೂ 24 ದೋಸೆ. ಅದೇ ಹೊತ್ತಿಗೆ ಇನ್ನೈದು ಟೇಬಲ್‌ನವರೂ ಅದನ್ನೇ ಕೇಳಿರುತ್ತಾರೆ. ಇದರ ಜೊತೆಗೆ ಆನ್‌ಲೈನ್ ಪಾರ್ಸೆಲ್ ಆರ್ಡರ್‌ಗಳು. ಡೆಲಿವರಿ ಹುಡುಗರು ಹೆಲ್ಮೆಟ್ ಹಿಡಿದು ಕೌಂಟರ್ ಮುಂದೆ ನಿಂತಿರುತ್ತಾರೆ, ಹೊತ್ತಾದರೆ ಆ್ಯಪ್‌ನಲ್ಲಿ ಹೋಟೆಲಿನ ರೇಟಿಂಗ್ ಕೆಳಗಿಳಿಯುತ್ತದೆ. ಹಾಗಾಗಿ ಕಾವಲಿಯಿಂದ ಎದ್ದ ದೋಸೆ ಎದುರಿಗೆ ಕೂತವರನ್ನು ಬಿಟ್ಟು ಡಬ್ಬಿಯೊಳಗೆ ಹೋಗುವುದೂ ಉಂಟು. ನನ್ನ ಲೆಕ್ಕದಲ್ಲಿ ಇದು ಅನ್ಯಾಯ. ಮನೆಯಲ್ಲಿ ಕೂತವನಿಗೆ ಹತ್ತು ನಿಮಿಷ ತಡವಾದರೆ ಏನೂ ಆಗುವುದಿಲ್ಲ, ತಟ್ಟೆ ಮುಂದಿಟ್ಟುಕೊಂಡು ಕಾಯುವವರಿಗೆ ಆಗುತ್ತದೆ.

ಯಾವುದು ಯಾವುದರ ಜೊತೆ ಹೋಗಬೇಕು ಎಂದು ನೋಡಿ ತಡೆದು ಕಳಿಸುವವರೊಬ್ಬರು ಅಡುಗೆಮನೆಯ ಬಾಗಿಲಲ್ಲಿ ಇರಬೇಕು. ಸ್ಟಾರ್ ಹೋಟೆಲುಗಳು ಅದಕ್ಕೆಂದೇ ಒಬ್ಬರನ್ನು ಇಟ್ಟಿರುತ್ತವೆ. ನಮ್ಮ ಹೆಚ್ಚಿನ ಫ್ಯಾಮಿಲಿ ರೆಸ್ಟೋರೆಂಟ್‌ಗಳಲ್ಲಿ ಅದೂ ಕ್ಯಾಪ್ಟನ್ನಿನ ಕೆಲಸ. ಭಾನುವಾರ ರಾತ್ರಿ ಅದೇ ಕ್ಯಾಪ್ಟನ್ ಬಾಗಿಲಲ್ಲಿ ನಿಂತು ‘ಎಷ್ಟು ಜನ ಸಾರ್?’ ಎಂದು ವೇಟಿಂಗ್ ಲಿಸ್ಟ್ ಬರೆಯುತ್ತಿರುತ್ತಾರೆ. ಆದ್ದರಿಂದ ಆ ಕೆಲಸವನ್ನು ಅರ್ಧ ನೀವೇ ಮಾಡಬೇಕು. ಆರ್ಡರ್ ಕೊಡುವಾಗಲೇ ‘ಮಕ್ಕಳದ್ದು ಮೊದಲು, ದೋಸೆ ಶುರುವಾದ ಮೇಲೆ ಗಸ್ಸಿ ತನ್ನಿ’ ಎಂದು ಹೇಳಿ, ಚೀಟಿಯಲ್ಲಿ ಬರೆಸಿ. ಇನ್ನೂ ಸುಲಭದ ದಾರಿ ಬೇಕೆಂದರೆ ರಶ್ ಇರುವ ದಿನ ನೀರು ದೋಸೆಯನ್ನು ಬಿಟ್ಟು ಕೋರಿ ರೊಟ್ಟಿ ತೆಗೆದುಕೊಳ್ಳಿ. ರೊಟ್ಟಿ ಒಣಗಿಸಿಟ್ಟ ಗರಿಗರಿ ಸರಕು, ಎಷ್ಟು ಜನರಿದ್ದರೂ ಕಾಯಿಸುವುದಿಲ್ಲ. ಬಿಸಿ ಗಸ್ಸಿ ಸುರಿದುಕೊಂಡರೆ ಊಟ ಶುರು. ಮೀನಿನ ತವಾ ಫ್ರೈ ಹೇಗಿದ್ದರೂ ಹೊತ್ತು ಹಿಡಿಯುತ್ತದೆ, ಅದನ್ನು ಎಲ್ಲಕ್ಕಿಂತ ಮೊದಲು ಹೇಳಿಬಿಡಿ.

ಬಿಲ್ ಮೂರು ಸಲ ಕೇಳಿದ್ದಕ್ಕೆ ನಾನು ಹೋಟೆಲಿನವರ ಪರ ನಿಲ್ಲುವುದಿಲ್ಲ. ಹೊರಗೆ ಜನ ಕಾಯುತ್ತಿರುವಾಗ ಟೇಬಲ್ ಬೇಗ ಖಾಲಿಯಾದರೆ ಅವರಿಗೇ ಲಾಭ. ಆದರೂ ತಿಂದು ಮುಗಿಸಿದವರ ಕಡೆ ಯಾರ ಕಣ್ಣೂ ಇರುವುದಿಲ್ಲ. ಕೊನೆಯ ಐಟಂ ಹೇಳುವಾಗಲೇ ‘ಇದರ ಜೊತೆ ಬಿಲ್ಲೂ ತನ್ನಿ’ ಅಂದುಬಿಡಿ.

ಮಾವನವರನ್ನು ಒಪ್ಪಿಸುವುದಿದ್ದರೆ ವಾರದ ಮಧ್ಯೆ ಒಂದು ದಿನ, ಹನ್ನೆರಡೂವರೆಗೆ, ನಾಲ್ಕೇ ಜನ ಹೋಗಿ. ಆಗಲೂ ಹೀಗೇ ಆದರೆ ಅವರ ಮಾತೇ ಸರಿ. ದೂರು ಹೇಳುವುದಿದ್ದರೆ ಊಟದ ನಡುವೆಯೇ, ಕ್ಯಾಪ್ಟನ್ ಹತ್ತಿರ ಅಥವಾ ಗಲ್ಲಾದಲ್ಲಿ ಕೂತವರ ಹತ್ತಿರ, ಮೆಲ್ಲಗೆ ಹೇಳಿ. ‘ನಿಮ್ಮ ಸರ್ವಿಸ್ ಸರಿಯಿಲ್ಲ’ ಎಂಬ ಮಾತು ಅವರ ಕಿವಿಗೆ ದಿನಾ ಬೀಳುತ್ತದೆ, ಆ ಕಡೆಯಿಂದ ಹೊರಗೂ ಹೋಗುತ್ತದೆ. ‘ಗಸ್ಸಿ ಬಂದು ಹತ್ತು ನಿಮಿಷವಾಯಿತು, ದೋಸೆ ಇನ್ನೂ ಇಲ್ಲ, ಗಸ್ಸಿ ಬಿಸಿ ಮಾಡಿಕೊಡಿ’ ಎಂದರೆ ಕೆಲಸವಾಗುತ್ತದೆ.

ಪ್ರಶ್ನೆ: ಕಳೆದ ವಾರ ಇಂದಿರಾನಗರದ ಒಂದು ರೆಸ್ಟೋರೆಂಟ್‌ನಲ್ಲಿ ಸಪ್ಲೈಯರ್ ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಬಿಲ್‌ನಲ್ಲಿ ಮಾತ್ರ ಶೇ 10 ಸರ್ವಿಸ್ ಚಾರ್ಜ್! ಕೇಳಿದರೆ ‘ಕಂಪಲ್ಸರಿ’ ಎಂದರು. ಕೊಡಲೇಬೇಕಾ?
*— ಬೆಂಗಳೂರಿನ ಓದುಗರು*

ಉತ್ತರ: ಬೇಡ. ಸರ್ವಿಸ್ ಚೆನ್ನಾಗಿದ್ದರೂ ಕಡ್ಡಾಯವಿಲ್ಲ, ಹಾಗಾಗಿ ಸಪ್ಲೈಯರ್ ನಿಮ್ಮ ಕಡೆ ನೋಡಿದರೋ ಇಲ್ಲವೋ ಎಂಬ ವಾದವೇ ಇಲ್ಲಿ ಅಗತ್ಯವಿಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ಹೋಟೆಲಿನವರು ತಾವಾಗಿಯೇ ಬಿಲ್‌ಗೆ ಸರ್ವಿಸ್ ಚಾರ್ಜ್ ಸೇರಿಸಬಾರದು, ಬೇರೆ ಹೆಸರಿಟ್ಟೂ ವಸೂಲಿ ಮಾಡಬಾರದು, ಅದನ್ನು ಊಟದ ಮೊತ್ತಕ್ಕೆ ಕೂಡಿಸಿ ಅದರ ಮೇಲೆ ಜಿಎಸ್‌ಟಿ ಹಾಕಬಾರದು, ಕೊಡದವರನ್ನು ಒಳಗೆ ಬಿಡುವುದಿಲ್ಲ ಎನ್ನಬಾರದು ಎಂದು ಅದರಲ್ಲಿದೆ. ಹೋಟೆಲ್ ಮಾಲೀಕರ ಸಂಘಟನೆಗಳು ದೆಹಲಿ ಹೈಕೋರ್ಟಿಗೆ ಹೋದವು, ಆರಂಭದಲ್ಲಿ ತಡೆಯಾಜ್ಞೆಯೂ ಸಿಕ್ಕಿತ್ತು. 2025ರ ಮಾರ್ಚ್ 28ರಂದು ಹೈಕೋರ್ಟಿನ ಏಕಸದಸ್ಯ ಪೀಠ ಮಾರ್ಗಸೂಚಿಯನ್ನು ಎತ್ತಿಹಿಡಿದು ಅವರ ಅರ್ಜಿಗಳನ್ನು ವಜಾ ಮಾಡಿತು.

ಮೊದಲು ಗಲ್ಲಾದಲ್ಲಿ ‘ಸರ್ವಿಸ್ ಚಾರ್ಜ್ ತೆಗೆದು ಬೇರೆ ಬಿಲ್ ಕೊಡಿ’ ಎಂದು ಕೇಳಿ. ಹೆಚ್ಚಿನವರು ತಕರಾರಿಲ್ಲದೆ ತೆಗೆಯುತ್ತಾರೆ. ತೆಗೆಯದಿದ್ದರೆ ಬಿಲ್ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಜಿಎಸ್‌ಟಿಯನ್ನು ಮಾತ್ರ ಇದರ ಜೊತೆ ಕಲಸಬೇಡಿ, ಅದು ಸರ್ಕಾರಕ್ಕೆ ಹೋಗುವ ತೆರಿಗೆ. ಸಾಮಾನ್ಯ ರೆಸ್ಟೋರೆಂಟ್‌ಗಳಲ್ಲಿ ಶೇ 5. ಬಿಲ್‌ನಲ್ಲಿ ಅದು ಶೇ 2.5ರಂತೆ ಎರಡು ಸಾಲಾಗಿ ಕಾಣುತ್ತದೆ. ಅದನ್ನು ನೋಡಿ ‘ಎರಡು ಸಲ ಹಾಕಿದ್ದೀರಿ’ ಎಂದು ಗಲ್ಲಾದವರ ಜೊತೆ ಜಗಳಕ್ಕೆ ನಿಲ್ಲುವವರು ಇದ್ದಾರೆ, ನೀವು ನಿಲ್ಲಬೇಡಿ.

ಇನ್ನೊಂದು ಮಾತು. ಸರ್ವಿಸ್ ಚಾರ್ಜ್ ತೆಗೆಸಿದ ಮೇಲೆ, ಚೆನ್ನಾಗಿ ನೋಡಿಕೊಂಡ ಸಪ್ಲೈಯರ್ ಇದ್ದರೆ ಅವರ ಕೈಗೇ ಏನಾದರೂ ಕೊಡಿ. ಟೇಬಲ್ ಒರೆಸುವ ಕ್ಲೀನರ್ ಹುಡುಗರಿಗೂ ಸೇರಲಿ ಅನ್ನಿಸಿದರೆ ಗಲ್ಲಾ ಪಕ್ಕದ ಟಿಪ್ಸ್ ಡಬ್ಬಿಗೆ ಹಾಕಿ. ಡಬ್ಬಿಯ ದುಡ್ಡನ್ನು ಸಾಮಾನ್ಯವಾಗಿ ಎಲ್ಲರೂ ಹಂಚಿಕೊಳ್ಳುತ್ತಾರೆ.

ಪ್ರಶ್ನೆ: ದರ್ಶಿನಿಯಲ್ಲಿ ಎಷ್ಟೇ ಜನರಿದ್ದರೂ ಎರಡು ನಿಮಿಷಕ್ಕೆ ದೋಸೆ ಕೈಗೆ ಬರುತ್ತದೆ. ಅದಕ್ಕಿಂತ ಮೂರು ಪಟ್ಟು ದುಡ್ಡು ಕೊಟ್ಟು ಎ.ಸಿ. ಹಾಲ್‌ನಲ್ಲಿ ಕೂತರೆ ಅರ್ಧ ಗಂಟೆ ಕಾಯಬೇಕು. ಇದ್ಯಾವ ನ್ಯಾಯ?
*— ಶಿವಮೊಗ್ಗದ ಓದುಗರು*

ಉತ್ತರ: ದರ್ಶಿನಿಯಲ್ಲಿ ಸಪ್ಲೈಯರೇ ಇಲ್ಲವಲ್ಲ! 1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಆರ್. ಪ್ರಭಾಕರ್ ಅವರ ಯೋಜನೆಯಂತೆ ಕೆಫೆ ದರ್ಶಿನಿ ಶುರುವಾದಾಗ ಹೊಸದಾಗಿದ್ದದ್ದು ಅದೇ. ಟೋಕನ್ ತಗೊಳ್ಳಿ, ಎದುರಿಗೇ ಮಾಡುವುದನ್ನು ನೋಡಿ, ನಿಂತೇ ತಿನ್ನಿ. ಏರುಪೇರಾಗುವ ಸರ್ವಿಸನ್ನೇ ತೆಗೆದುಹಾಕಿದರು. ದೊಡ್ಡ ಕಾವಲಿಯ ಮೇಲೆ ಒಂದು ಸಾಲು ದೋಸೆ ಒಟ್ಟಿಗೆ ಏಳುತ್ತದೆ, ನೀವು ಕೇಳುವ ಮುಂಚೆಯೇ ನಿಮ್ಮದೂ ಅದರೊಳಗೆ ಇರುತ್ತದೆ.

ಸಪ್ಲೈಯರ್ ಇಟ್ಟುಕೊಂಡೂ ಜನಜಂಗುಳಿಯನ್ನು ನಿಭಾಯಿಸಬಹುದು. 1943ರಿಂದ ನಡೆಯುತ್ತಿರುವ ಗಾಂಧಿ ಬಜಾರಿನ ವಿದ್ಯಾರ್ಥಿ ಭವನದಲ್ಲಿ ಸಪ್ಲೈಯರ್‌ಗಳು ತೋಳುದ್ದಕ್ಕೂ ದೋಸೆ ತಟ್ಟೆ ಪೇರಿಸಿಕೊಂಡು ಬರುವುದನ್ನು ನೋಡಿ. ಅದು ಬರೀ ಕಸರತ್ತಲ್ಲ. ಬಂದವರಲ್ಲಿ ಬಹುಪಾಲು ಜನ ಕೇಳುವುದು ಒಂದೇ ಮಸಾಲೆ ದೋಸೆ, ಆದ್ದರಿಂದ ಯಾರದ್ದು ಯಾವುದು ಎಂಬ ಗೊಂದಲವಿಲ್ಲ. ನಿಮ್ಮ ಎ.ಸಿ. ಹಾಲ್‌ನ ಮೆನು ತೆಗೆದು ನೋಡಿ. ಗೋಬಿ ಮಂಚೂರಿ, ತಂದೂರಿ ರೊಟ್ಟಿ, ಬಿಸಿಬೇಳೆ ಬಾತ್, ಪಾಸ್ತಾ, ಮಸಾಲೆ ದೋಸೆ ಎಲ್ಲ ಒಂದೇ ಪುಸ್ತಕದಲ್ಲಿ. ಸೌತ್, ನಾರ್ತ್, ತಂದೂರ್, ಚೈನೀಸ್ ಎಂದು ನಾಲ್ಕು ಕಡೆಯ ಅಡುಗೆಯವರು, ನಾಲ್ಕು ವೇಗ. ನಿಮ್ಮ ಮನೆಯ ಐದು ಜನ ನಾಲ್ಕೂ ಸೆಕ್ಷನ್‌ನಿಂದ ತರಿಸಿದರೆ ಒಟ್ಟಿಗೆ ಊಟ ಶುರು ಮಾಡುವ ಆಸೆ ಬಿಡಬೇಕು. ಮೆನು ಉದ್ದವಾದಷ್ಟೂ ಹಾಲ್ ಕಷ್ಟ ಎಂದು ಮಾಲೀಕರಿಗೆ ಹೇಳಿ ಹೇಳಿ ನನಗೆ ಸಾಕಾಗಿದೆ. ಗಿರಾಕಿ ‘ಪನೀರ್ ಇಲ್ವಾ?’ ಎಂದು ಎದ್ದು ಹೋದರೆ ಎಂಬ ಹೆದರಿಕೆ ಅವರದು. ದುಡ್ಡಿನ ಬಗ್ಗೆ ಹೇಳುವುದಾದರೆ, ನೀವು ಹೆಚ್ಚು ಕೊಡುತ್ತಿರುವುದು ಕುರ್ಚಿಗೆ, ತಂಪಿಗೆ, ಜಾಗದ ಬಾಡಿಗೆಗೆ. ಬೇಗ ಬರಲಿ ಎಂದು ಯಾರೂ ಅದರಲ್ಲಿ ಪಾಲು ತೆಗೆದಿಟ್ಟಿರುವುದಿಲ್ಲ.

ಪ್ರಶ್ನೆ: ಅಮ್ಮನಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬರುವುದಿಲ್ಲ. ಏಕಾದಶಿ ಮಾರನೇ ದಿನ ‘ಈರುಳ್ಳಿ, ಬೆಳ್ಳುಳ್ಳಿ ಹಾಕಬೇಡಪ್ಪ’ ಎಂದು ಎರಡು ಸಲ ಹೇಳಿದರು. ಹುಡುಗ ತಲೆಯಾಡಿಸಿದ. ಬಂದ ಪಲ್ಯದಲ್ಲಿ ಎರಡೂ ಇತ್ತು. ಅಮ್ಮ ಊಟ ಬಿಟ್ಟು ಎದ್ದರು.
*— ಮೈಸೂರಿನ ಓದುಗರು*

ಉತ್ತರ: ಓದಿ ಬೇಜಾರಾಯಿತು. ತಡವಾದರೆ ಹೊಟ್ಟೆಗೆ ಹಾಕಿಕೊಳ್ಳಬಹುದು, ಇದನ್ನು ಹಾಗೆ ಬಿಡಬಾರದು. ಆದರೆ ಕೇಳಬೇಕಾದದ್ದು ಹುಡುಗನನ್ನಲ್ಲ. ಒಡಿಶಾ, ಅಸ್ಸಾಂನಿಂದ ಬಂದು ಕೆಲಸಕ್ಕೆ ಸೇರಿ ತಿಂಗಳೂ ಆಗಿರದ ಹುಡುಗರು ಅರ್ಥವಾಗಲಿ ಬಿಡಲಿ ತಲೆಯಾಡಿಸುತ್ತಾರೆ, ‘ಗೊತ್ತಾಗಲಿಲ್ಲ’ ಎಂದರೆ ಬೈಗುಳ ಬೀಳುತ್ತದೆ ಎಂಬ ಭಯ. ಬೇಡ, ಸಾಕು, ಖಾರ ಕಡಿಮೆ, ಈರುಳ್ಳಿ, ಬೆಳ್ಳುಳ್ಳಿ ಇಷ್ಟು ಮಾತು ಕಲಿಸದೆ ಅವರನ್ನು ಟೇಬಲ್ ಮುಂದೆ ನಿಲ್ಲಿಸಿದ ಮಾಲೀಕರದ್ದೇ ತಪ್ಪು. ನಾನು ತರಬೇತಿ ಕೊಡುವಲ್ಲಿ ಮೊದಲ ದಿನವೇ ಇವನ್ನು ಬಾಯಿಪಾಠ ಮಾಡಿಸುತ್ತೇನೆ, ಹುಡುಗರು ಬೇಗ ಕಲಿಯುತ್ತಾರೆ.

ಮುಂದಿನ ಸಲ ಬಾಗಿಲಲ್ಲೇ ‘ಕನ್ನಡ ಬರುವವರು ನಮ್ಮ ಟೇಬಲ್ ನೋಡಿಕೊಳ್ಳಲಿ’ ಎಂದು ಕೇಳಿ. ಅದು ನಿಮ್ಮ ಹಕ್ಕಿನ ಮಾತೇ, ಸಂಕೋಚ ಬೇಡ. ವ್ರತ, ಅಲರ್ಜಿ, ಸಕ್ಕರೆ ಕಾಯಿಲೆ ಇಂಥ ಯಾವುದಿದ್ದರೂ ಕ್ಯಾಪ್ಟನ್‌ಗೆ ಹೇಳಿ, ಅವರು ಚೀಟಿಯ ಮೇಲೆ ಬರೆಯುವುದನ್ನು ನಿಂತು ನೋಡಿ. ಇಷ್ಟಾದರೂ ತಪ್ಪು ಐಟಂ ಬಂದರೆ ಮುಟ್ಟದೆ ವಾಪಸ್ ಕಳಿಸಿ, ಬಿಲ್‌ನಿಂದ ತೆಗೆಸಿ. ಅಮ್ಮ ಊಟ ಬಿಟ್ಟು ಎದ್ದ ದಿನ ಆ ಪಲ್ಯಕ್ಕೆ ನೀವು ದುಡ್ಡು ಕೊಟ್ಟಿರಾ ಎಂದು ಬರೆದಿಲ್ಲ. ಕೊಟ್ಟಿದ್ದರೆ ಹೋಗಿ ಮಾಲೀಕರನ್ನು ಒಮ್ಮೆ ಮಾತಾಡಿಸಿ ಬನ್ನಿ.

ಪ್ರಶ್ನೆ: ಊಟಕ್ಕೆ ಐದು ಸ್ಟಾರ್, ಸರ್ವಿಸ್‌ಗೆ ಎರಡು. ಗೂಗಲ್‌ನಲ್ಲಿ ಒಟ್ಟು ಎಷ್ಟು ಕೊಡಲಿ?
*— ಹುಬ್ಬಳ್ಳಿಯ ಓದುಗರು*

ಉತ್ತರ: ಎಷ್ಟಾದರೂ ಕೊಡಿ, ಸ್ಟಾರ್ ನೋಡಿ ಮಾಲೀಕರಿಗೆ ಏನೂ ತಿಳಿಯುವುದಿಲ್ಲ. ಯಾವ ದಿನ, ಎಷ್ಟು ಗಂಟೆಗೆ, ಎಷ್ಟು ಜನ ಹೋಗಿದ್ದಿರಿ, ಏನು ತಡವಾಯಿತು ಎಂದು ಎರಡು ಸಾಲು ಬರೆಯಿರಿ. ಶನಿವಾರ ಎಂಟೂವರೆಯ ದೂರು ನಾಲ್ಕು ಕಡೆಯಿಂದ ಬಂದರೆ ಆ ಹೊತ್ತಿಗೆ ಇನ್ನೊಬ್ಬರನ್ನು ಹಾಕುವ ಬುದ್ಧಿ ಅವರಿಗೆ ಬರುತ್ತದೆ. ಸಪ್ಲೈಯರ್ ಚೆನ್ನಾಗಿ ನೋಡಿಕೊಂಡಿದ್ದರೆ ಹೆಸರು ಹಾಕಿ ಹೊಗಳಿ. ಬೈಯುವುದಿದ್ದರೆ ಹೆಸರು ಬೇಡ, ಅದನ್ನೇ ನೆಪ ಮಾಡಿ ಒಂದು ದಿನದ ಕೂಲಿ ಮುರಿಯುವ ಮಾಲೀಕರಿದ್ದಾರೆ.